ಮೋಟೋಕ್ರಾಸ್‌ಗೆ ತಯಾರಾಗಲು ಮೌಂಟನ್ ಬೈಕ್ ಒಳ್ಳೆಯದಾ, ರೋಡ್ ಸೈಕಲ್ ಒಳ್ಳೆಯದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಭಾನುವಾರ ಮೋಟಾರ್‌ಬೈಕ್ ತೆಗೆದುಕೊಂಡು ಡರ್ಟ್ ಟ್ರ್ಯಾಕಿಗೆ, ಅಂದರೆ ಮೋಟೋಕ್ರಾಸ್ ಓಡಿಸುವ ಉಬ್ಬುತಗ್ಗಿನ ಮಣ್ಣಿನ ಟ್ರ್ಯಾಕಿಗೆ ಹೋಗುತ್ತೀರಿ. ನಾಲ್ಕನೇ ಲ್ಯಾಪ್ ಹೊತ್ತಿಗೆ ಮುಂಗೈ ಕಲ್ಲಾಗುತ್ತದೆ, ಉಸಿರು ಸಾಕಾಗುವುದಿಲ್ಲ. ವಾರದ ನಡುವೆ ಸೈಕಲ್ ತುಳಿದು ದಮ್ಮು ಕಟ್ಟಬೇಕು ಅಂತಿದ್ದೀರಿ. ಕೈಯಲ್ಲಿ ಐವತ್ತು ಸಾವಿರ ಇದೆ. ಯಾವುದಕ್ಕೆ ಹಾಕಲಿ ಅಂತ ಕೇಳಿದ್ದೀರಿ.

ಮೌಂಟನ್ ಬೈಕಿಗೆ ಹಾಕಿ. ಆದರೆ ವಾರದಲ್ಲಿ ಹೆಚ್ಚು ದಿನ ಅದನ್ನು ಡಾಂಬರು ರಸ್ತೆಯಲ್ಲೇ ಓಡಿಸಿ. ತಮಾಷೆ ಮಾಡುತ್ತಿಲ್ಲ, ಕಾರಣ ಹೇಳುತ್ತೇನೆ.

ನಾನು ಚಿಕ್ಕಮಗಳೂರಿನವನು. ದೊಡ್ಡ ರೇಸರ್ ಏನೂ ಅಲ್ಲ. ಎಂಟು ವರ್ಷದಿಂದ ಹೊಸಬರ ನೊವೈಸ್ ಕ್ಲಾಸಿನಲ್ಲಿ ಓಡಿಸುತ್ತಿದ್ದೇನೆ, ಕಪಾಟಿನಲ್ಲಿ ಕಪ್ಪುಗಳಿಗಿಂತ ಎಕ್ಸ್‌ರೇಗಳೇ ಜಾಸ್ತಿ. ಮೊದಲ ಎರಡು ವರ್ಷ ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್ ತುಳಿದೆ. ಆಮೇಲೆ ಅದನ್ನು ಮಾರಿ ಹಾರ್ಡ್‌ಟೇಲ್ ತೆಗೆದುಕೊಂಡೆ. ಹಿಂದೆ ಸಸ್ಪೆನ್ಷನ್ ಇಲ್ಲದ, ಮುಂದೆ ಮಾತ್ರ ಶಾಕ್ ಇರುವ ಮೌಂಟನ್ ಬೈಕಿಗೆ ಹಾಗೆ ಹೇಳುತ್ತಾರೆ. ಹಾಗಾಗಿ ಎರಡರ ಏಟೂ ತಿಂದವನ ಮಾತು ಅಂದುಕೊಳ್ಳಿ.

ಮೊದಲು ಮೋಟೋಕ್ರಾಸ್ ಮೈಯಿಂದ ಏನು ಕೇಳುತ್ತದೆ ನೋಡಿ. ಬೈಕ್ ನೂರು ಕಿಲೋ ಮೇಲೆ. ನಮ್ಮಂಥವರು ಓಡಿಸುವ ಹೀರೋ ಎಕ್ಸ್‌ಪಲ್ಸ್ ಬೈಕ್ ಆದರೆ ನೂರೈವತ್ತು ದಾಟುತ್ತದೆ. ಅದರ ಮೇಲೆ ಅರ್ಧ ನಿಂತು, ಅರ್ಧ ಕೂತು, ಮಂಡಿಯಲ್ಲಿ ಟ್ಯಾಂಕ್ ಒತ್ತಿ ಹಿಡಿದು, ನೆಲ ಎಸೆದಲ್ಲಿಂದ ವಾಪಸ್ ತರಬೇಕು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ರೇಸು 30 ನಿಮಿಷ, ಮೇಲೆ ಎರಡು ಲ್ಯಾಪ್. ಒಂದೇ ದಿನ ಅಂಥವು ಎರಡು. ನಾನು ಓಡಿಸುವ ರೇಸುಗಳು ಆರೆಂಟು ಲ್ಯಾಪಿನವು, ಅಷ್ಟಕ್ಕೇ ನಾಲಿಗೆ ಹೊರಗೆ ಬರುತ್ತದೆ. ರೇಸಿನಲ್ಲಿ ಎದೆಬಡಿತ ಗರಿಷ್ಠದ ಶೇ. 90 ದಾಟಿ ಅಲ್ಲೇ ಕೂತುಬಿಡುತ್ತದೆ. ನಾನೂ ಒಮ್ಮೆ ಜೆರ್ಸಿ ಒಳಗೆ ಎದೆಬಡಿತ ಅಳೆಯುವ ಪಟ್ಟಿ ಕಟ್ಟಿಕೊಂಡು ನೋಡಿದೆ. ಸ್ಟಾರ್ಟ್ ಗೇಟಿನಲ್ಲಿ ಸುಮ್ನೆ ನಿಂತಾಗಲೇ 140.

ಸುಮ್ನೆ ನಿಂತಾಗ 140 ಯಾಕೆ ಬಂತು? ಹೆದರಿಕೆ. ಮೋಟೋಕ್ರಾಸಿನ ಎದೆಬಡಿತದಲ್ಲಿ ಕಾಲಿನ ಕೆಲಸ ಒಂದು ಪಾಲು ಅಷ್ಟೇ. ಉಳಿದದ್ದು ಭಯ, ಬಿಗಿಹಿಡಿತ, ಜಂಪ್ ಮುಂದೆ ಗೊತ್ತಿಲ್ಲದೇ ಉಸಿರು ಹಿಡಿದಿಟ್ಟುಕೊಳ್ಳುವುದು. ರೇಸಿನಲ್ಲಿ ಎದೆಬಡಿತ 175 ಇದ್ದು, ಸೈಕಲ್ ಮೇಲೆ ಅದೇ 175 ತೋರಿಸಿದರೂ ಎರಡೂ ಒಂದೇ ಕೆಲಸ ಅಲ್ಲ. ಇದು ತಲೆಯಲ್ಲಿರಲಿ. ಸೈಕಲ್ ಪೂರ್ತಿ ಉತ್ತರ ಅಂತ ಯಾರು ಹೇಳಿದರೂ ನಂಬಬೇಡಿ.

ಹಾಗಾದರೆ ರೋಡ್ ಸೈಕಲ್ ಏನು ಕೊಡುತ್ತದೆ? ಹದ ನಮ್ಮ ಕೈಯಲ್ಲಿರುತ್ತದೆ. ಎಷ್ಟು ಹೊತ್ತು, ಎಷ್ಟು ಜೋರಾಗಿ ಅನ್ನುವುದನ್ನು ನೀವು ತೀರ್ಮಾನಿಸುತ್ತೀರಿ, ದಾರಿಯಲ್ಲ. ನಮ್ಮಲ್ಲಿ ಕೈಮರದಿಂದ ಗಿರಿ ಕಡೆ ಏರುವ ರಸ್ತೆ ಇದೆ. ಬೆಳಗ್ಗೆ ಟೂರಿಸ್ಟ್ ಗಾಡಿಗಳು ಬರುವ ಮೊದಲು ಹತ್ತಲು ಶುರು ಮಾಡಿದರೆ ಒಂದೇ ಗತಿಯಲ್ಲಿ ಹತ್ತುತ್ತಲೇ ಇರಬಹುದು. ಎಂಟು ನಿಮಿಷ ಜೋರಾಗಿ ಅಂದರೆ ಎಂಟೇ ನಿಮಿಷ. ಎರಡು ಗಂಟೆ ಆರಾಮಾಗಿ ಅಂದರೆ ಆರಾಮಾಗಿಯೇ.

ಅಮೆರಿಕದ ಆಲ್ಡನ್ ಬೇಕರ್ ಹೆಸರು ಕೇಳಿರಬಹುದು. ರಿಕಿ ಕಾರ್ಮೈಕಲ್, ಜೇಮ್ಸ್ ಸ್ಟೀವರ್ಟ್, ರಯನ್ ವಿಲ್ಲೊಪೊಟೊ, ರಯನ್ ಡಂಜಿ ಇವರನ್ನೆಲ್ಲ ತಯಾರು ಮಾಡಿದ ಟ್ರೈನರ್. ಇವರ ಹುಡುಗರು ಫ್ಲಾರಿಡಾದ ರಸ್ತೆಗಳಲ್ಲಿ ಗಂಟೆಗಟ್ಟಲೆ ರೋಡ್ ಸೈಕಲ್ ತುಳಿಯುತ್ತಿದ್ದರು. ಕಾರ್ಮೈಕಲ್ 2002ರಲ್ಲೂ 2004ರಲ್ಲೂ ಅಮೆರಿಕದ ಹೊರಾಂಗಣ ಮೋಟೋಕ್ರಾಸ್ ಸೀಸನ್ನಿನ 24 ರೇಸುಗಳಲ್ಲಿ 24ನ್ನೂ ಗೆದ್ದರು. ನನಗೆ ಮಜಾ ಅನ್ನಿಸುವುದು ಬೇರೆ ವಿಷಯ. ಬೇಕರ್ ಸ್ವತಃ ದಕ್ಷಿಣ ಆಫ್ರಿಕಾದಲ್ಲಿ ಮೌಂಟನ್ ಬೈಕ್ ರೇಸರ್ ಆಗಿದ್ದವರು. ಕಾಡುದಾರಿಯಿಂದ ಬಂದವರು ಶಿಷ್ಯರನ್ನು ಡಾಂಬರಿಗೆ ಇಳಿಸಿದರು! ನನಗೆ ತೋಚುವ ಕಾರಣ ಅದೇ, ಹದ. ಜೊತೆಗೆ ಮೂಳೆ. ಲಕ್ಷಾಂತರ ಡಾಲರಿನ ರೇಸರ್ ಮಂಗಳವಾರ ಮರದ ಬೇರಿಗೆ ಸಿಕ್ಕಿ ಬಿದ್ದರೆ ಶನಿವಾರದ ಗತಿ ಏನು?

ಇನ್ನೊಂದು ಮುಖವನ್ನೂ ಹೇಳಬೇಕು. ವಿಲ್ಲೊಪೊಟೊ 26ನೇ ವಯಸ್ಸಿಗೆ, ಡಂಜಿ 27ಕ್ಕೆ ರೇಸಿಂಗ್ ಬಿಟ್ಟರು. ಗಾಯವೂ ಇತ್ತು, ದಣಿವೂ ಇತ್ತು. ಸೈಕಲ್ಲೇ ಕಾರಣ ಅನ್ನುವುದು ಅನ್ಯಾಯ. ಆದರೆ ಆ ಕಾಲದ ಟ್ರೈನಿಂಗ್ ಎಷ್ಟು ಕಠಿಣ ಇತ್ತು ಅನ್ನುವುದಕ್ಕೆ ಇದನ್ನು ನೆನಪಿಟ್ಟುಕೊಳ್ಳಬಹುದು. ಆಫೀಸ್ ಕೆಲಸ ಮುಗಿಸಿ ಬಂದು ಅವರನ್ನು ಕಾಪಿ ಹೊಡೆಯಲು ಹೋಗಬೇಡಿ.

ನನ್ನ ಕಥೆಗೆ ಬರುತ್ತೇನೆ. ಎರಡು ವರ್ಷ ರೋಡ್ ಸೈಕಲ್ ತುಳಿದ ಮೇಲೆ ಉಸಿರು ಚೆನ್ನಾಗಿ ಕೂತಿತ್ತು. ಗಿರಿ ಹತ್ತುವಾಗ ಹುಡುಗರನ್ನು ಹಿಂದೆ ಹಾಕುತ್ತಿದ್ದೆ. ಅದೇ ಜಂಬದಲ್ಲಿ ರೇಸಿಗೆ ಹೋದೆ. ಮೂರನೇ ಲ್ಯಾಪ್‌ವರೆಗೆ ಆರಾಮು. ಆಮೇಲೆ ತೋಳು ಹೋಯಿತು, ಸೊಂಟ ಹೋಯಿತು. ಕಾಲಿನಲ್ಲಿ ಶಕ್ತಿ ಇತ್ತು, ಆದರೆ ಅದು ಕೂತು ತುಳಿಯುವ ಶಕ್ತಿ. ಬೈಕಿನ ಕಾಲಿಡುವ ಪೆಗ್ ಮೇಲೆ ಮಂಡಿ ಬಗ್ಗಿಸಿ ನಿಲ್ಲುವ ಶಕ್ತಿ ಅಲ್ಲ. ಇದಕ್ಕಿಂತ ಕೆಟ್ಟದ್ದು ಕಣ್ಣು. ಎರಡು ವರ್ಷ ನುಣ್ಣನೆ ರಸ್ತೆ ನೋಡಿದ ಕಣ್ಣಿಗೆ ರಟ್, ಅಂದರೆ ಚಕ್ರಗಳು ಮಣ್ಣಿನಲ್ಲಿ ಕೊರೆದ ಹಳ್ಳ, ಎಲ್ಲಿ ಕವಲೊಡೆಯುತ್ತದೆ ಅನ್ನುವುದು ಮುಂದಿನ ಚಕ್ರ ಅದರೊಳಗೆ ಬಿದ್ದ ಮೇಲೆ ಕಾಣುತ್ತಿತ್ತು.

ಆಗ ಹಾರ್ಡ್‌ಟೇಲ್ ಬಂತು. ಪರಿಚಯದವರ ಕಾಫಿ ತೋಟದ ಜೀಪ್ ದಾರಿಯಲ್ಲಿ ಓಡಿಸಲು ಶುರು ಮಾಡಿದೆ. ಕೇಳಿಯೇ ಹೋಗಬೇಕು, ಇಲ್ಲದಿದ್ದರೆ ತೋಟ ನೋಡಿಕೊಳ್ಳುವ ರೈಟರು ಗೇಟಿನಲ್ಲೇ ನಿಲ್ಲಿಸಿ ಯಾವೂರು, ಯಾರ ಮಗ ಅಂತ ಪೂರ್ತಿ ವಿಚಾರಿಸಿಬಿಡುತ್ತಾರೆ. ಆ ದಾರಿಯಲ್ಲಿ ನಡುವೆ ಹುಲ್ಲಿನ ದಿಬ್ಬ, ಎರಡು ಕಡೆ ಜೀಪ್ ಚಕ್ರದ ಹಳ್ಳ, ಹಳ್ಳದಲ್ಲಿ ಬಿಡಿಗಲ್ಲು, ಕಲ್ಲಿನ ಮೇಲೆ ಸಿಲ್ವರ್ ಓಕ್ ಎಲೆ. ಒಂದು ಹಳ್ಳದಿಂದ ಇನ್ನೊಂದಕ್ಕೆ ದಾಟಬೇಕಾದರೆ ಹ್ಯಾಂಡಲ್ ತಿರುಗಿಸಿದರೆ ಆಗದು. ಮುಂದಿನ ಚಕ್ರ ಹಗುರ ಮಾಡಿ, ಸೊಂಟ ಮೊದಲು ಆ ಕಡೆ ಹೋಗಬೇಕು. ಟ್ರ್ಯಾಕಿನಲ್ಲಿ ಕೋಚ್ ನೂರು ಸಲ ಕೂಗಿದ್ದು ಇದನ್ನೇ. ಹದಿನಾಲ್ಕು ಕಿಲೋ ಸೈಕಲ್ ಒಂದೇ ದಿನದಲ್ಲಿ ಹೇಳಿಕೊಟ್ಟಿತು.

ಥ್ರಾಟಲ್ ಇಲ್ಲದಿರುವುದು ಒಂದು ಪಾಠವೇ. ಬೈಕಿನಲ್ಲಿ ತಿರುವು ಕೆಡಿಸಿಕೊಂಡರೆ ಆಕ್ಸಿಲರೇಟರ್ ತಿರುಚಿ ತಪ್ಪು ಮುಚ್ಚಿಹಾಕಬಹುದು. ಸೈಕಲ್ಲಿನಲ್ಲಿ ಕಳಕೊಂಡ ವೇಗವನ್ನು ಕಾಲಿನಿಂದಲೇ ವಾಪಸ್ ತರಬೇಕು, ಹಾಗಾಗಿ ಕಳಕೊಳ್ಳದ ಹಾಗೆ ತಿರುಗಿಸುವುದನ್ನು ಮೈ ತಾನಾಗಿ ಕಲಿಯುತ್ತದೆ. ಹಾಗಂತ ಎಲ್ಲವೂ ಬೈಕಿಗೆ ಬರುವುದಿಲ್ಲ. ಸೈಕಲ್ಲಿನಲ್ಲಿ ಮಂಡಿಯಿಂದ ಹಿಡಿಯಲು ಟ್ಯಾಂಕ್ ಇಲ್ಲ. ಎರಡು ತಿಂಗಳು ಬರೀ ಸೈಕಲ್ ಓಡಿಸಿ ಬೈಕ್ ಹತ್ತಿದಾಗ ನನ್ನ ಮಂಡಿ ಎರಡೂ ಬಾಗಿಲ ಹಾಗೆ ತೆರೆದುಕೊಂಡಿದ್ದವು, ಭಾರವೆಲ್ಲ ಕೈ ಮೇಲೆ.

ಈಗ ಬ್ರೇಕಿನ ವಿಷಯ. ಇದೊಂದನ್ನು ಓದಿ ಉಳಿದದ್ದು ಮರೆತರೂ ಪರವಾಗಿಲ್ಲ.

ಬೈಕಿನಲ್ಲಿ ಬಲಗೈ ಮುಂದಿನ ಬ್ರೇಕು, ಎಡಗೈ ಕ್ಲಚ್ಚು, ಅಲ್ವಾ? ಸೈಕಲ್ಲಿನಲ್ಲಿ ಹಾಗೆ ಒಂದೇ ನಿಯಮ ಇಲ್ಲ. ಇಂಗ್ಲೆಂಡಿನಲ್ಲಿ ಬಲಗೈಗೆ ಮುಂದಿನ ಬ್ರೇಕು, ಅಮೆರಿಕದಲ್ಲಿ ಎಡಗೈಗೆ. ನಮ್ಮಲ್ಲಿ ಎರಡೂ ಥರದವು ಸಿಗುತ್ತವೆ. ನಾನು ತಂದ ಹಾರ್ಡ್‌ಟೇಲಿನಲ್ಲಿ ಎಡಗೈಗಿತ್ತು. ಗೊತ್ತಿತ್ತು, ಅಭ್ಯಾಸ ಆಗುತ್ತದೆ ಬಿಡು ಅಂದುಕೊಂಡಿದ್ದೆ. ಮೂರನೇ ವಾರ, ತೋಟದ ಇಳಿಜಾರು, ತಿರುವಿನಾಚೆ ಮಲಗಿದ್ದ ಒಂದು ನಾಯಿ. ಗಾಬರಿಯಲ್ಲಿ ಎಡಗೈ ಪೂರ್ತಿ ಒತ್ತಿತು, ಕ್ಲಚ್ ಹಿಡಿಯುವ ಹಾಗೆ. ಹತ್ತು ವರ್ಷದ ಅಭ್ಯಾಸ, ಕೈ ನನ್ನನ್ನು ಕೇಳಲಿಲ್ಲ. ಮುಂದಿನ ಚಕ್ರ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ಮೇಲಿಂದ ಹಾರಿ ಭುಜದ ಮೇಲೆ ಬಿದ್ದೆ. ಕೊರಳೆಲುಬು ಮುರಿಯಿತು. ಏಳು ವಾರ ಮನೆಯಲ್ಲಿ, ಒಂದು ರೇಸು ಕೈತಪ್ಪಿತು. ನಾಯಿ ಎದ್ದು ಮೂಸಿ ನೋಡಿ ಹೋಯಿತು ಮಾರಾಯ್ರೆ.

ಬಲಗೈಗೆ ಮುಂದಿನ ಬ್ರೇಕ್ ಇದ್ದರೆ ಗಾಬರಿಯಲ್ಲಿ ಎಡಗೈ ಒತ್ತಿದರೂ ಹಿಂದಿನ ಚಕ್ರ ಜಾರುತ್ತದೆ, ಅಷ್ಟೇ. ಬಲಗೈಗೂ ಗೊಂದಲ ಇರುವುದಿಲ್ಲ.

ಎರಡೂ ಸೈಕಲ್ ಒಂದೇ ಮನೆಯಲ್ಲಿ ಇದ್ದರೆ ಹೇಗೆ ಅನ್ನುವುದಕ್ಕೆ ಟೊಮ್ಯಾಕ್ ಕುಟುಂಬ ನೋಡಿ. ಅಪ್ಪ ಜಾನ್ ಟೊಮ್ಯಾಕ್ 1991ರಲ್ಲಿ ಮೌಂಟನ್ ಬೈಕ್ ಕ್ರಾಸ್ ಕಂಟ್ರಿ ವಿಶ್ವ ಚಾಂಪಿಯನ್. ಅದಕ್ಕೂ ಮುಂಚೆ ಬಿಎಂಎಕ್ಸ್ ಓಡಿಸಿದವರು, ನಡುವೆ ವೃತ್ತಿಪರ ರೋಡ್ ಸೈಕ್ಲಿಂಗ್ ತಂಡಗಳಲ್ಲೂ ಇದ್ದವರು. ಮಗ ಇಲೈ ಟೊಮ್ಯಾಕ್ 2020 ಮತ್ತು 2022ರಲ್ಲಿ ಅಮೆರಿಕದ 450 ಸೂಪರ್‌ಕ್ರಾಸ್ (ಸ್ಟೇಡಿಯಂ ಒಳಗೆ ನಡೆಯುವ ಮೋಟೋಕ್ರಾಸ್, 450 ಸಿಸಿ ಕ್ಲಾಸು) ಪಟ್ಟ ಗೆದ್ದರು. ಕೊಲರಾಡೊದ ಬೆಟ್ಟದ ಗಾಳಿಯೂ ಸಹಾಯ ಮಾಡಿರಬೇಕು. ಅಂಥ ಅಪ್ಪನನ್ನು ನಾವು ಕೊಳ್ಳಲಾಗುವುದಿಲ್ಲ, ಬಿಡಿ.

ಮುಂಗೈ ಕಲ್ಲಾಗುವುದಕ್ಕೆ ಸೈಕಲ್ ಮದ್ದಾ ಅಂತ ಕೇಳಿದ್ದೀರಿ. ಅರ್ಧ ಮದ್ದು. ಬಿಗಿ ಹಿಡಿದಾಗ ಮುಂಗೈ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಸುತ್ತ ಇರುವ ಪೊರೆ ಹಿಗ್ಗುವುದಿಲ್ಲ. ಒಳಗೆ ಒತ್ತಡ ಏರಿ, ಬಂದ ರಕ್ತ ಸಲೀಸಾಗಿ ಹೊರಗೆ ಹೋಗಲಾರದು. ಕೊನೆಗೆ ಬೆರಳು ಲಿವರ್ ಮೇಲೆ ಇದ್ದರೂ ಒತ್ತಲು ಬರುವುದಿಲ್ಲ. ಮೋಟೋಜಿಪಿ ಬೈಕ್ ರೇಸರ್ ಡಾನಿ ಪೆಡ್ರೋಸಾ 2015ರಲ್ಲಿ ಇದಕ್ಕೇ ಆಪರೇಷನ್ ಮಾಡಿಸಿಕೊಂಡರು. ನಮ್ಮ ಮಟ್ಟದಲ್ಲಿ ಮುಖ್ಯ ಕಾರಣ ಭಯದ ಹಿಡಿತ. ಕೈಯಿಂದ ನೇತಾಡುತ್ತೇವೆ, ಕಾಲಿನಿಂದ ಹಿಡಿಯುವುದಿಲ್ಲ. ಉದ್ದದ ಕಲ್ಲು ಇಳಿಜಾರಿನಲ್ಲಿ ಮೌಂಟನ್ ಬೈಕ್ ಓಡಿಸಿದರೆ ಒಂದು ಬೆರಳಲ್ಲಿ ಬ್ರೇಕ್ ಹಿಡಿದು ಉಳಿದ ಬೆರಳು ಸಡಿಲ ಬಿಡುವುದು ರೂಢಿಯಾಗುತ್ತದೆ. ರೋಡ್ ಸೈಕಲ್ ಇದರಲ್ಲಿ ಏನೂ ಮಾಡುವುದಿಲ್ಲ. ಉಳಿದ ಅರ್ಧ ಟ್ರ್ಯಾಕಿನಲ್ಲೇ ಬರಬೇಕು. ಐವತ್ತು ಸಾವಿರದಲ್ಲಿ ಸ್ವಲ್ಪ ಉಳಿಸಿ, ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ನಮ್ಮ ಸಿ.ಎಸ್. ಸಂತೋಷ್ ಕೋಲಾರದ ಕಡೆ ಕಟ್ಟಿದ ಬಿಗ್ ರಾಕ್‌ನಂಥ ಜಾಗದಲ್ಲಿ ತರಬೇತಿ ತೆಗೆದುಕೊಂಡರೆ ಒಳ್ಳೆಯದು.

ಇಷ್ಟು ಹೊಗಳಿ ಮತ್ತೆ ಡಾಂಬರಿಗೆ ಹೋಗಿ ಅಂತ ಯಾಕೆ ಹೇಳಿದೆ? ಕಾಡುದಾರಿಯಲ್ಲಿ ಆರಾಮಾಗಿ ಓಡಿಸಲು ಬರುವುದಿಲ್ಲ. ಏರು ಬಂದರೆ ಎದೆ ಒಡೆಯುವ ಹಾಗೆ ತುಳಿಯಲೇಬೇಕು, ಇಳಿಜಾರಿನಲ್ಲಿ ಕಾಲು ಸುಮ್ಮನಿರುತ್ತದೆ. ಮನೆಗೆ ಬಂದಾಗ ಭಯಂಕರ ಕಸರತ್ತು ಮಾಡಿದ ಹಾಗೆ ಅನ್ನಿಸುತ್ತದೆ. ದಮ್ಮಿನ ಬುನಾದಿ ಬೀಳುವುದು ಮಾತ್ರ ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಂಥ ಗತಿಯಲ್ಲಿ, ಗಂಟೆಗಟ್ಟಲೆ ತುಳಿದಾಗ. ಅದು ರಸ್ತೆಯಲ್ಲೇ ಸಾಧ್ಯ. ನಾನು ಮಂಗಳವಾರ, ಬುಧವಾರ ರಸ್ತೆಯಲ್ಲಿ ಒಂದೂವರೆ ಗಂಟೆ ಹೀಗೆ ಹೋಗುತ್ತೇನೆ. ಗುರುವಾರ ಕೈಮರದ ಏರಿನಲ್ಲಿ ಎಂಟು ನಿಮಿಷದಂತೆ ಮೂರು ಸಲ ಜೋರು, ಅದರಲ್ಲಿ ಅರ್ಧ ನಿಂತುಕೊಂಡು. ಎಂಟು ನಿಮಿಷ ಯಾಕೆಂದರೆ ನನ್ನ ರೇಸು ಹೆಚ್ಚುಕಮ್ಮಿ ಅಷ್ಟೇ. ತೋಟದ ದಾರಿ ವಾರಕ್ಕೊಂದೇ ದಿನ, ಶುಕ್ರವಾರ ಸಂಜೆ. ರೇಸು ಇರುವ ವಾರ ಅದೂ ಇಲ್ಲ. ಭಾನುವಾರ ಬೈಕು.

ಬರೀ ಕೂತು ತುಳಿಯುವವರ ಬೆನ್ನುಮೂಳೆ ಗಟ್ಟಿ ಇರುವುದಿಲ್ಲ ಅನ್ನುವುದು ರೋಡ್ ಸೈಕ್ಲಿಸ್ಟುಗಳ ಮೇಲಿನ ಅಧ್ಯಯನಗಳಲ್ಲೂ ಕಂಡಿದೆ. ಬೀಳುವ ಆಟ ಆಡುವ ನಮಗೆ ಅದು ಚಿಲ್ಲರೆ ವಿಷಯ ಅಲ್ಲ. ವಾರಕ್ಕೆ ಎರಡು ದಿನ ಬಸ್ಕಿ ಹೊಡೆಯಿರಿ, ಭಾರ ಎತ್ತಿ.

ಕೊಳ್ಳುವಾಗ: ಹಿಂದಿನ ಸಸ್ಪೆನ್ಷನ್ನಿಗೆ ಆಸೆ ಪಡಬೇಡಿ. ಈ ಬೆಲೆಗೆ ಸಿಗುವ ಫುಲ್ ಸಸ್ಪೆನ್ಷನ್ ಬರೀ ಭಾರ, ತುಳಿದ ಶಕ್ತಿಯನ್ನೆಲ್ಲ ಅದೇ ನುಂಗುತ್ತದೆ. ಒಳ್ಳೆಯ ಹಾರ್ಡ್‌ಟೇಲ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಜೊತೆಗೆ ರಸ್ತೆಗೆಂದು ಒಂದು ಜೊತೆ ನುಣ್ಣನೆ ಟೈರ್. ಟೈರ್ ಬದಲಾಯಿಸಲು ಬೇಜಾರಾದರೆ ದಪ್ಪ ಟೈರಿನಲ್ಲೇ ಗಾಳಿ ಜಾಸ್ತಿ ಹಾಕಿ ರಸ್ತೆಗೆ ಹೋಗಿ. ಗೊರ್ ಅಂತ ಸದ್ದು ಮಾಡುತ್ತದೆ, ನಿಧಾನ ಆಗುತ್ತದೆ, ನಿಮಗೇನು ನಷ್ಟ? ನೀವು ಎಲ್ಲಿಗೂ ಬೇಗ ತಲುಪಬೇಕಾಗಿಲ್ಲ. ಮಲೆನಾಡಿನವರಾದರೆ ಜೂನ್‌ನಿಂದ ಮೂರು ತಿಂಗಳು ಕಾಡುದಾರಿ ಮರೆತುಬಿಡಿ. ಜಾರುವುದು ಒಂದು ಕಡೆ, ಪಂಕ್ಚರ್ ಹಾಕಲು ಕೂತರೆ ಇಂಬಳ ಸಾಕ್ಸ್ ಒಳಗೆ ಇಳಿದಿರುತ್ತದೆ.

ಮತ್ತೆ, ಸೈಕಲ್ ಅಂಗಡಿಯಿಂದ ಹೊರಡುವ ಮೊದಲೇ ಮುಂದಿನ ಬ್ರೇಕನ್ನು ಬಲಗೈಗೆ ಹಾಕಿಸಿಕೊಳ್ಳಿ. ಕೇಬಲ್ ಆದರೆ ಹತ್ತು ನಿಮಿಷ. ಹೈಡ್ರಾಲಿಕ್ ಆದರೆ ಹೋಸ್ ಬಿಚ್ಚಿ, ಆಯಿಲ್ ತುಂಬಿ, ಗಾಳಿ ತೆಗೆಯಬೇಕು, ಹಾಗಾಗಿ ‘ಹೀಗೇ ಇರಲಿ ಸಾರ್, ಅಭ್ಯಾಸ ಆಗುತ್ತೆ’ ಅನ್ನುತ್ತಾರೆ. ನನಗೂ ಅದನ್ನೇ ಹೇಳಿದ್ದರು. ಅಲ್ಲೇ ಒಂದು ಕಾಫಿ ಕುಡಿದು ಕೂತು ಮಾಡಿಸಿಕೊಂಡು ಬನ್ನಿ.