ಮೇವೆದರ್ 50-0: ಓಡಿ ಗೆದ್ದದ್ದೋ, ಲೆಕ್ಕ ಹಾಕಿ ಗೆದ್ದದ್ದೋ?

ನಿಮ್ಮ ಪ್ರಶ್ನೆ ಇದು: ಅಮೆರಿಕದ ಬಾಕ್ಸರ್ ಫ್ಲಾಯ್ಡ್ ಮೇವೆದರ್ ರಿಂಗ್ ತುಂಬ ತಪ್ಪಿಸಿಕೊಂಡು ತಿರುಗುತ್ತಾನೆ, ಯಾರನ್ನೂ ಬೀಳಿಸುವ ಹಾಗೆ ಕಾಣುವುದಿಲ್ಲ, ಆದರೂ 50ಕ್ಕೆ 50 ಗೆದ್ದದ್ದು ಹೇಗೆ? 2015ರಲ್ಲಿ ಅವನ ಎದುರು ಸೋತ ಫಿಲಿಪ್ಪೀನ್ಸ್‌ನ ಪ್ಯಾಕಿಯಾವ್‌ಗೆ ಮೋಸವಾಗಿದೆ ಎಂದು ಉಪ್ಪಳದ ನಿಮ್ಮ ಗೆಳೆಯರ ವಾದವಂತೆ. ಮೋಸ ಆಗಿಲ್ಲ ಮಾರಾಯರೆ.

ನಾವು ಕಾಸರಗೋಡಿನವರು ಬಾಕ್ಸಿಂಗನ್ನೂ ಕಬಡ್ಡಿಯ ಕಣ್ಣಿನಲ್ಲೇ ನೋಡುತ್ತೇವೆ. ಲೆಕ್ಕ ತಪ್ಪುವುದು ಅಲ್ಲಿ. ಕಬಡ್ಡಿಯಲ್ಲಿ ಒಂದೇ ರೈಡಿಗೆ ಮೂವರನ್ನು ಔಟ್ ಮಾಡಿದರೆ ಆ ಮೂರು ಪಾಯಿಂಟ್ ಕೊನೆಯವರೆಗೂ ಉಂಟು. ಬಾಕ್ಸಿಂಗಿನಲ್ಲಿ ಪ್ರತಿ ಸುತ್ತಿಗೂ ಬೇರೆ ಖಾತೆ. ಮೂರು ನಿಮಿಷ ಕಳೆದು ಗಂಟೆ ಹೊಡೆದರೆ ಆ ಖಾತೆ ಬಂದ್. ಸುತ್ತು ಗೆದ್ದವನಿಗೆ 10, ಸೋತವನಿಗೆ 9. ಕೂದಲೆಳೆಯಷ್ಟು ಮೇಲಾದರೂ 10-9, ಚಚ್ಚಿ ಹಾಕಿದರೂ ಹೆಚ್ಚಾಗಿ 10-9. ಒಮ್ಮೆ ನೆಲಕ್ಕೆ ಕೆಡವಿದರೆ ಸಾಮಾನ್ಯವಾಗಿ 10-8. ಹೀಗೆ 12 ಸುತ್ತು, ಮೂವರು ತೀರ್ಪುಗಾರರು.

2015ರ ಮೇ 2ರ ರಾತ್ರಿ ಲಾಸ್ ವೇಗಸ್‌ನಲ್ಲಿ, ನಮಗೆ ಆದಿತ್ಯವಾರ ಬೆಳಿಗ್ಗೆ, ಬಂದ ಅಂಕ 118-110, 116-112, 116-112. ಮೊದಲನೆಯದರ ಅರ್ಥ 10 ಸುತ್ತು ಮೇವೆದರ್‌ಗೆ, 2 ಪ್ಯಾಕಿಯಾವ್‌ಗೆ. ಉಳಿದ ಇಬ್ಬರ ಪ್ರಕಾರ 8-4. ನಾಲ್ಕನೇ ಸುತ್ತಿನಲ್ಲಿ ಪ್ಯಾಕಿಯಾವ್‌ನ ಎಡಗೈ ಏಟು ಬಿದ್ದು, ಮೇವೆದರ್ ಹಗ್ಗಕ್ಕೆ ಒರಗಿ ನಿಂತಾಗ ಜನ ಎದ್ದು ಕೂಗಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೂ ಸಿಕ್ಕಿದ್ದು ಒಂದೇ ಸುತ್ತು. ಇನ್ನೊಂದು: ಕೈಗವಸಿಗೋ ತೋಳಿಗೋ ಬಡಿದ ಏಟು ಎಷ್ಟು ಜೋರಾಗಿ ಕೇಳಿಸಿದರೂ ಲೆಕ್ಕಕ್ಕಿಲ್ಲ. ಏಟು ಎಣಿಸುವ ಕಾಂಪುಬಾಕ್ಸ್ ಲೆಕ್ಕದಲ್ಲಿ ಇಬ್ಬರೂ ಬೀಸಿದ್ದು ಹೆಚ್ಚುಕಡಿಮೆ ಸಮ, ಮೇವೆದರ್ 435, ಪ್ಯಾಕಿಯಾವ್ 429. ತಾಗಿದ್ದು ಮಾತ್ರ 148 ಮತ್ತು 81. ಬೆನ್ನಟ್ಟಿದ್ದಕ್ಕೆ ಅಂಕವಿಲ್ಲ, ಬೆನ್ನಟ್ಟಿ ತಾಗಿಸಬೇಕು.

ಮೇವೆದರ್‌ನ ಭುಜದ ಆಟವನ್ನು ನೋಡಿ. ಎಡಗೈ ಹೊಟ್ಟೆಗೆ ಅಡ್ಡ, ಎಡಭುಜ ಗಲ್ಲದವರೆಗೆ ಮೇಲೆ, ಬಲಗೈ ಕೆನ್ನೆಯ ಬಳಿ. ಎದುರಿನವನ ನೇರ ಬಲಗೈ ಏಟು ಭುಜದ ಮೇಲೆ ಜಾರಿ ಹೋಗುತ್ತದೆ, ಅದೇ ಕ್ಷಣಕ್ಕೆ ಇವನ ಬಲಗೈ ತಿರುಗಿ ಬೀಳುತ್ತದೆ. ಕೈಕೊಡುವುದು ಎರಡು ಕಡೆ. ಮೇಲಿಂದ ಬಳಸಿ ಬರುವ ಬಲಗೈ ಭುಜ ದಾಟಿ ತಲೆಗೇ ಬೀಳುತ್ತದೆ; 2014ರ ಮೇಯಲ್ಲಿ ಎದುರಾಳಿ ಮೈದಾನಾ ಮಾಡಿದ್ದು ಇದನ್ನೇ, ಒಬ್ಬ ತೀರ್ಪುಗಾರ 114-114 ಕೊಟ್ಟ. ಎಡಚನ ಎದುರೂ ಕಷ್ಟ, ಅವನ ಬಲವಾದ ಎಡಗೈ ಬರುವುದು ಭುಜದ ಮರೆಯಿಲ್ಲದ ಕಡೆಯಿಂದ. ಹಾಗಾಗಿ ಎಡಚನಾದ ಪ್ಯಾಕಿಯಾವ್ ಎದುರು ಜಾಬ್‌ಗೆ (ಮುಂದಿನ ಕೈಯ ಚುಟುಕು ಏಟಿಗೆ) ಕಾಯದೆ ನೇರ ಬಲಗೈ ಬಿಡುವುದು, ಹತ್ತಿರ ಬಂದರೆ ಅಪ್ಪಿ ಹಿಡಿಯುವುದು. ನೋಡಲು ಬೇಸರವೇ, ಒಪ್ಪುತ್ತೇನೆ.

ಗೆಲುವಿನ ಸ್ವಲ್ಪ ಭಾಗ ಕರಾರಿನಲ್ಲೂ ಉಂಟು. 2013ರಲ್ಲಿ 23ರ ಹರೆಯದ ಕನೆಲೊ ಆಲ್ವಾರೆಝ್ ತೂಕದ ವರ್ಗದ ಮಿತಿಯಾದ 154 ಪೌಂಡಿನ ಬದಲು, ಕರಾರಿನಂತೆ 152ಕ್ಕೆ ಇಳಿಯಬೇಕಾಯಿತು. ಮೈಯಲ್ಲಿ ಕೊಬ್ಬೇ ಇಲ್ಲದವನಿಗೆ ಕೊನೆಯ ಎರಡು ಪೌಂಡ್ ಎಂದರೆ ನೀರು, ಅಂದರೆ ಕಸುವು.

ಬೀಳಿಸಲೇ ಇಲ್ಲ ಎನ್ನುವುದೂ ಸರಿಯಲ್ಲ. 50ರಲ್ಲಿ 27 ನಾಕೌಟ್. ಆದರೆ 2012ರಿಂದ 2015ರವರೆಗಿನ ಏಳೂ ಪಂದ್ಯ ಅಂಕದ ಮೇಲೆ ಮುಗಿದವು, ನಿಮ್ಮ ಗೆಳೆಯರು ನೋಡಿರುವುದು ಬಹುಶಃ ಅವನ್ನೇ. ಹಳೆಯ ಹೆವಿವೇಯ್ಟ್ ಚಾಂಪಿಯನ್ ರಾಕಿ ಮಾರ್ಸಿಯಾನೊನ 49-0ರಲ್ಲಿ 43 ನಾಕೌಟ್. 1952ರಲ್ಲಿ ವಾಲ್ಕಾಟ್ ಎದುರು ಅಂಕದಲ್ಲಿ ಹಿಂದೆ ಇದ್ದವನು 13ನೇ ಸುತ್ತಿನಲ್ಲಿ (ಆಗ ಚಾಂಪಿಯನ್ ಪಂದ್ಯಕ್ಕೆ 15 ಸುತ್ತು) ಒಂದೇ ಬಲಗೈ ಏಟಿಗೆ ಚಾಂಪಿಯನ್ ಆದ. ಮೇವೆದರ್‌ನ 50ನೆಯದು, 2017ರದ್ದು, ಮೆಕ್‌ಗ್ರೆಗರ್ ಎದುರು; ಬೇರೆ ಕಾದಾಟದ ಆಟದಿಂದ ಬಂದ ಅವನಿಗೆ ವೃತ್ತಿಪರ ಬಾಕ್ಸಿಂಗಿನಲ್ಲಿ ಅದೇ ಮೊದಲ ಪಂದ್ಯ. ಅದನ್ನು ಮಾರ್ಸಿಯಾನೊನ ಪಕ್ಕ ಇಟ್ಟು ತೂಗುವುದು ನನಗೆ ಹಿಡಿಸುವುದಿಲ್ಲ. "ಸೋಲಿಲ್ಲ" ಎನ್ನುವುದೂ ವೃತ್ತಿಪರ ಲೆಕ್ಕ ಮಾತ್ರ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಮೇವೆದರ್ ಸೋತು ಕಂಚಿಗೆ ನಿಂತಿದ್ದ.

ಮೋಸದ ಚರ್ಚೆಯೇ ಬೇಕೆಂದರೆ ಮೇವೆದರ್ ಗೆದ್ದದ್ದು ಸರಿಯೋ ಎಂದು ಜಗಳವಿರುವ 2002ರ ಏಪ್ರಿಲ್‌ನ ಕಾಸ್ಟಿಯೋ ಪಂದ್ಯ ಹಾಕಿ. ವಾಲ್ಯೂಮ್ ಸೊನ್ನೆ ಮಾಡಿ. ಕಾಮೆಂಟರಿ, ಜನರ ಕೂಗು ಎರಡೂ ದಾರಿ ತಪ್ಪಿಸುತ್ತವೆ. ಕಾಗದದಲ್ಲಿ ಎರಡು ಸಾಲು ಎಳೆದು, ಗಂಟೆ ಹೊಡೆದ ಕೂಡಲೇ ಅಂಕ ಬರೆಯಿರಿ, ಹಿಂದಿನದನ್ನು ತಿದ್ದಬೇಡಿ. ಕೊನೆಗೆ ಕೂಡಿಸಿ, ಗೆಳೆಯರ ಕಾಗದದ ಜೊತೆ ಹೋಲಿಸಿ. ಇಬ್ಬರದು ಒಂದೇ ಬಂದರೆ ಆಶ್ಚರ್ಯ.