ಗೋಕರ್ಣದ ಮನೆ: ಸೀಸನ್‌ಗೆ ಮಾತ್ರವೋ, ವರ್ಷಪೂರ್ತಿ ಬಾಡಿಗೆಗೋ?

ಅಕ್ಟೋಬರಿನಿಂದ ಮೇವರೆಗೆ ಪ್ರವಾಸಿಗರಿಗೆ ದಿನಬಾಡಿಗೆ, ಮಳೆಗಾಲಕ್ಕೆ ಬೀಗ. ಇಲ್ಲಾಂದ್ರೆ ವರ್ಷಪೂರ್ತಿ ಒಂದು ಸಂಸಾರಕ್ಕೆ. ಗೋಕರ್ಣದಲ್ಲಿ ಮನೆ ಕೊಂಡು ಬಾಡಿಗೆಗೆ ಬಿಡೋಣ ಅಂತ ಸಿರಾದಲ್ಲಿ ಕೂತು ನೀವು ಹಾಕ್ತಿರೋ ಈ ಲೆಕ್ಕ, ತುಮಕೂರಿನವನಾದ ನನಗೂ ಚೆನ್ನಾಗಿ ಗೊತ್ತು. ಆದರೆ ಯಾವುದರಲ್ಲಿ ಲಾಭ ಅನ್ನೋದು ಆಮೇಲಿನ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮನೆಯ ಕಿಟಕಿ ತೆಗೆಯೋರು ಯಾರು?

ನಮ್ಮ ಬಯಲುಸೀಮೆಯವರು ಆ ನಾಲ್ಕು ತಿಂಗಳಿಗೆ ಸೊನ್ನೆ ಅಂತ ಬರ್ಕೊಳ್ತಾರೆ. ಅದು ಸೊನ್ನೆಯಲ್ಲ, ಖರ್ಚು. ಸಿರಾದಲ್ಲಿ ವರ್ಷ ಬೀಗ ಹಾಕಿದ ಮನೆಗೆ ಧೂಳು ಕೂರುತ್ತೆ, ಗುಡಿಸಿದರೆ ಮುಗೀತು. ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ; ಅಲ್ಲಿ 3000 ದಾಟುತ್ತೆ, ಹೆಚ್ಚುಪಾಲು ಆ ನಾಲ್ಕೇ ತಿಂಗಳಲ್ಲಿ. ಗಾಳಿಯಾಡದ ಕೋಣೆಯಲ್ಲಿ ಹಾಸಿಗೆ, ದಿಂಬು, ಬೀರುವಿನ ಬಟ್ಟೆ ಎಲ್ಲಕ್ಕೂ ಬೂಷ್ಟು. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ. ಒಂದು ಹಂಚು ಸರಿದರೆ ಮನೆಯಲ್ಲಿದ್ದವರು ಅವತ್ತೇ ಸರಿಮಾಡಿಸ್ತಾರೆ. ಬೀಗದ ಮನೆಯಲ್ಲಿ ಅದೇ ಜಾಗದಿಂದ ನೀರಿಳಿದು, ಹಂಚು ಹೊತ್ತ ಮರದ ರೀಪು ಕೊಳೆತು, ಗೆದ್ದಲು ಹತ್ತಿರುತ್ತೆ. ಇದರ ಮೇಲೆ ಉಪ್ಪುಗಾಳಿ: ಶೀಟಿನ ಮೊಳೆ, ಸ್ವಿಚ್ ಬೋರ್ಡಿನ ಸ್ಕ್ರೂ, ಏಸಿಯ ಹೊರಗಿನ ಯೂನಿಟ್, ಯಾವುದನ್ನೂ ಬಿಡಲ್ಲ. ಕೀಲು, ಚಿಲಕಕ್ಕೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಲದು, ಉಪ್ಪುಗಾಳಿಗೆ ಹೆಚ್ಚು ತಡೆಯೋ 316 ದರ್ಜೆಯದ್ದು ಹಾಕಿಸಿ. ಅಕ್ಟೋಬರಿನ ಮೊದಲ ಬಾಡಿಗೆಯೆಲ್ಲ ಸುಣ್ಣಬಣ್ಣ, ರಿಪೇರಿಗೇ ಹೋಗುತ್ತೆ.

ಹಾಗಾಗಿ ಊರಲ್ಲೇ ದುಡಿಯೋರಿಗೆ ಕೊಡಿ: ಶಿಕ್ಷಕರು, ನರ್ಸ್‌ಗಳು, ಬ್ಯಾಂಕಿನವರು. ಮನೆಗಳೆಲ್ಲ ಪ್ರವಾಸಿಗರ ಪಾಲಾದರೆ ಇವರು ಎಲ್ಲಿರಬೇಕು? ಬಾಡಿಗೆ ಕಡಿಮೆ ಬಂದರೂ ಮನೆ ಉಳಿಯುತ್ತೆ. ಮಳೆಗಾಲಕ್ಕೆ ಸಂಸಾರ ಇಟ್ಟು ಅಕ್ಟೋಬರಿನಲ್ಲಿ ಖಾಲಿ ಮಾಡಿಸ್ತೀನಿ ಅನ್ನೋ ಯೋಚನೆ ಬಿಟ್ಟುಬಿಡಿ. ಶಾಲೆ ಶುರುವಾಗೋದು ಜೂನ್ ಹೊತ್ತಿಗೆ. ಮಕ್ಕಳಿರೋರು ನಡುವರ್ಷ ಮನೆ ಬಿಡಲ್ಲ, ಬಿಡಿಸೋದು ನ್ಯಾಯವೂ ಅಲ್ಲ. ಒಂದು ವರ್ಷ ಮೀರಿದ ಕರಾರನ್ನ ನೋಂದಣಿ ಮಾಡಿಸಲೇಬೇಕು, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸೋದು. ಮೇ ತಿಂಗಳಲ್ಲಿ ಹಂಚು, ಸೂರಿನ ನೀರು ಹರಿಯೋ ದೋಣಿ ನೋಡಿಸಿ, ಮಳೆ ಬಡಿಯೋ ಕಡೆ ಮರೆಗೆ ಗರಿಯ ತಟ್ಟಿ ಕಟ್ಟಿಸೋ ಖರ್ಚು ನಿಮ್ಮದು ಅಂತ ಕರಾರಲ್ಲೇ ಇರಲಿ.

ಕೊಳ್ಳೋಕೆ ಮುಂಚೆ ಏಪ್ರಿಲ್ ಕೊನೆಗೆ ಹೋಗಿ ಬಾವಿ ನೀರು ಕುಡಿದು ನೋಡಿ, ಉಪ್ಪಾಗಿದ್ದರೆ ಆಗಲೇ ಗೊತ್ತಾಗುತ್ತೆ. ಮರಳು ನೆಲದಲ್ಲಿ ಕೊಳೆನೀರು ಬೇಗ ಇಳಿಯುತ್ತೆ, ಶೌಚದ ಗುಂಡಿ ಬಾವಿಗೆ ಎಷ್ಟು ದೂರ ಇದೆ ಅಂತಲೂ ನೋಡಿ. ಕರಾವಳಿ ನಿಯಂತ್ರಣ ವಲಯದ ನಕ್ಷೆಯಲ್ಲಿ ಸರ್ವೆ ನಂಬರ್ ಹುಡುಕಿ: 2011ರ ಅಧಿಸೂಚನೆಯಲ್ಲಿ ಹಳ್ಳಿ ಕಡೆ ಭರತರೇಖೆಯಿಂದ (ಉಬ್ಬರದ ನೀರು ಮುಟ್ಟೋ ಗೆರೆ) 200 ಮೀಟರ್ ಹೊಸ ಕಟ್ಟಡಕ್ಕೆ ನಿಷಿದ್ಧ; 2019ರದ್ದು ಅದನ್ನ 50ಕ್ಕೆ ಇಳಿಸಿದ್ದು ಜನದಟ್ಟಣೆಯ ಹಳ್ಳಿಗಳಿಗೆ ಮಾತ್ರ. ಆ ನಕ್ಷೆ ಕೈಗೆ ಬರೋವರೆಗೆ ಅಡ್ವಾನ್ಸ್ ಕೊಡಬೇಡಿ.