ಮೊಬೈಲ್ ಕಸಿದುಕೊಳ್ಳಬೇಡಿ

ಒಂಬತ್ತನೆಯ ತರಗತಿಯ ಮಗಳ ಫೋಟೊ ತಿದ್ದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದಾರೆ, ಅವಳು ಶಾಲೆಗೆ ಹೋಗಲೊಲ್ಲಳು, ಮೊಬೈಲ್ ಕಸಿದುಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ನಮ್ಮ ಅಣ್ಣನ ಮಗ ಜೇವರ್ಗಿ ಕಡೆಯ ಹಳ್ಳಿಯಿಂದ ಕಲಬುರಗಿಯ ಶಾಲೆಗೆ ಸೇರಿದ. ಅವನ ಮಾತಿನ ಧಾಟಿಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಸಹಪಾಠಿಗಳು ಹಂಚಿದರು. ತಟ್ಟೆಯಲ್ಲಿ ರೊಟ್ಟಿ ಮುರಿಯದೆ ಒಣಗುತ್ತಿತ್ತು. ರಾತ್ರಿ ಎರಡಕ್ಕೂ ಕೌದಿಯೊಳಗೆ ಮೊಬೈಲ್ ಬೆಳಕು. ಅಣ್ಣ ಅದನ್ನು ಕಸಿದುಕೊಂಡರು, ಹುಡುಗ ಮಾತನ್ನೇ ನಿಲ್ಲಿಸಿದ. ಹೇಳಿಕೊಂಡದ್ದಕ್ಕೆ ಶಿಕ್ಷೆ ತನಗೇ ಎಂದು ತಿಳಿದುಕೊಂಡ.

ಹೀಗೆ ಹಂಚಿ ಕಾಡುವ ಮಕ್ಕಳೆಲ್ಲ ಕೆಟ್ಟವರಲ್ಲ. ಎದುರಿನವರ ಕಣ್ಣೀರು ಅವರಿಗೆ ಕಾಣುವುದಿಲ್ಲ, ನಗುವ ಚಿಹ್ನೆಗಳಷ್ಟೇ ಕಾಣುತ್ತವೆ. ಸುಮ್ಮನಿದ್ದರೆ ಮುಂದಿನ ಸರದಿ ತಮ್ಮದು ಎಂಬ ಭಯವೂ ಇರುತ್ತದೆ. ನೊಂದ ಮಗುವಿಗೆ ಮಾತ್ರ ಶಾಲೆ ಬಿಟ್ಟರೂ ಬಿಡುಗಡೆಯಿಲ್ಲ. ನಿದ್ದೆ, ಹಸಿವು, ಓದು ಎಲ್ಲವೂ ಕೆಡುತ್ತವೆ.

ಮೊದಲು ‘ತಪ್ಪು ನಿನ್ನದಲ್ಲ’ ಎನ್ನಿ. ಮುಖ್ಯೋಪಾಧ್ಯಾಯರಿಗೆ ಲಿಖಿತ ದೂರು ಕೊಡಿ. ಫೋಟೊವನ್ನು ಅಶ್ಲೀಲವಾಗಿ ತಿದ್ದಿದ್ದರೆ ಯಾರಿಗೂ ಕಳುಹಿಸದೆ ನೇರ ಪೊಲೀಸರ ಬಳಿ ಹೋಗಿ. ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸಿನ ನೋವಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ‘ಬದುಕುವುದೇ ಬೇಡ’ ಎಂಬ ಮಾತು ಅವಳ ಬಾಯಿಂದ ಬಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.